ಹುಣಸೆಬೀಜ ಎಣಿಸುವ ಚಿಕ್ಕಬೀರಮ್ಮ

ಚಿಕ್ಕಬೀರಮ್ಮ ನನ್ನ ಗುರುತು ಹಿಡಿಯದಿದ್ದರೆ ಸಾಕು. ಕೆ.ಆರ್. ನಗರ ತಾಲ್ಲೂಕಿನ ಈ ಪುಟ್ಟ ರೈಲು ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು, ಬೆಳಗಿನ ಆರಕ್ಕೆ, ನನ್ನೊಳಗೇ ಹಾಗೆ ಅಂದುಕೊಳ್ಳುತ್ತಿದ್ದೇನೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದವಳು ನಾನು. ಕೆಲವು ವರ್ಷಗಳ ಹಿಂದೆ ಇಲ್ಲಿಂದ ಮೂರು ವರ್ಷ ಟಿಕೆಟ್ಟಿಲ್ಲದೆ ಮೈಸೂರಿನ ಕಾಲೇಜಿಗೆ ಹೋದವಳೂ ನಾನೇ.

ಐವತ್ತೆಂಟರ ಚಿಕ್ಕಬೀರಮ್ಮ ಪ್ಲಾಟ್‌ಫಾರಂ ಗುಡಿಸಿ, ಟಿಕೆಟ್ ಕಿಟಕಿ ತೆರೆಯುತ್ತಾರೆ. ಇಲ್ಲಿ ಸ್ಟೇಷನ್ ಮಾಸ್ಟರ್ ಇಲ್ಲ. ಟಿಕೆಟ್ ಮಾರುವ ಗುತ್ತಿಗೆ ಇವರದು. ಮಾರಿದ್ದಕ್ಕೆ ಕಮಿಷನ್ ಉಂಟು, ಸಂಬಳವಿಲ್ಲ. ಪೊರಕೆ ಕೂಡ ಮನೆಯದು.

ವೀಳ್ಯದೆಲೆ ಪಿಂಡಿ ಹೊತ್ತ ಲಿಂಗಯ್ಯ ಕಿಟಕಿಯತ್ತ ತಿರುಗಿಯೂ ನೋಡದೆ ಮುಂದೆ ಹೋಗುತ್ತಾರೆ.

“ಲಿಂಗಣ್ಣ, ಟಿಕೀಟು.”

“ನಮ್ ತಾತನ ಒಲದ ಮ್ಯಾಲೆ ಓಗೋ ರೈಲು ಕಣಮ್ಮಿ. ನಂಗ್ಯಾಕೆ ಟಿಕೀಟು?”

“ನಿಮ್ ತಾತ ಕೊಟ್ಟಿದ್ದು ಕಂಬಿ ಆಕಕ್ಕೆ ಜಾಗ. ಅಂಗಾರೆ ಕಂಬಿ ಮ್ಯಾಲೆ ನಡ್ಕಂಡೋಗು ಮೈಸೂರ್ಗೆ.”

ಲಿಂಗಯ್ಯ ನಗುತ್ತಾರೆ, ಕೊಳ್ಳುವುದಿಲ್ಲ. ಹಳಿಗೆ ಜಮೀನು ಬಿಟ್ಟುಕೊಟ್ಟ ಊರಿದು. ಟಿಕೆಟ್ ಕೊಳ್ಳುವುದೆಂದರೆ ಸ್ವಂತ ಬಾವಿಯ ನೀರಿಗೆ ಕಾಸು ಕೊಟ್ಟ ಹಾಗೆ ಎಂಬುದು ಇಲ್ಲಿನವರ ಮಾತು. ನಮ್ಮ ಮನೆಯಲ್ಲೂ ಹಾಗೇ ಹೇಳುತ್ತಿದ್ದರು.

ರೈಲು ಬಂದು ಒಂದು ನಿಮಿಷ ನಿಂತು ಹೊರಡುತ್ತದೆ. ಟಿಕೆಟ್ಟಿಲ್ಲದೆ ಹತ್ತಿದವರು ತಲೆಗೊಂದರಂತೆ ಚಿಕ್ಕಬೀರಮ್ಮನ ಡಬ್ಬಿಗೆ ಹುಣಸೆಬೀಜವಾಗಿ ಬೀಳುತ್ತಾರೆ. ಇವತ್ತು ಮಾರಿದ ಟಿಕೆಟ್ ಎಂಟು, ಡಬ್ಬಿಯಲ್ಲಿ ಬೀಜ ಮೂವತ್ತೊಂದು. ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ.

“ಮಿಲ್ಲು ನಡೀತಿದ್ದಾಗ ಇಲ್ಲಿ ನಿಂತ್ಕಳಕ್ಕೂ ಜಾಗ ಇರ್ನಿಲ್ಲ ಕಣವ್ವ” ಎನ್ನುತ್ತಾರೆ. ಆಗ ಅವರೂ ಇದೇ ರೈಲು ಹತ್ತಿ ಪಟ್ಟಣದ ಅಕ್ಕಿ ಗಿರಣಿಗೆ ಹೋಗುತ್ತಿದ್ದರು, ಅಂಗಳದಲ್ಲಿ ಬೇಯಿಸಿದ ಭತ್ತ ಹರವಲು. ಮೂಟೆಗಳು ಗೂಡ್ಸ್ ಬೋಗಿಗೆ ಏರುತ್ತಿದ್ದವು. ಮೂಟೆ ಲಾರಿಗೆ ಹೋಯಿತು, ಗಿರಣಿಗೆ ಬೀಗ ಬಿತ್ತು. ಟಿಕೆಟ್ ಮಾರುತ್ತಿದ್ದ ಗಂಡ ತೀರಿಕೊಂಡ ಮೇಲೆ ಈ ಕಿಟಕಿ ಅವರ ಪಾಲಿಗೆ ಬಂತು. ಹನ್ನೊಂದು ವರ್ಷವಾಯಿತು.

ಈಗ ರೈಲ್ವೆಯಿಂದ ಒಂದು ಕಾಗದ ಬಂದಿದೆ. ತಿಂಗಳ ಕೊನೆಯೊಳಗೆ ದಿನಕ್ಕೆ ಸರಾಸರಿ ಇಪ್ಪತ್ತು ಟಿಕೆಟ್ ಮಾರಾಟವಾಗದಿದ್ದರೆ ರೈಲು ಇಲ್ಲಿ ನಿಲ್ಲುವುದಿಲ್ಲ. ಉಳಿದಿರುವುದು ಹದಿನಾಲ್ಕು ದಿನ. ಹತ್ತುವವರು ಎಷ್ಟೆಂದು ತೋರಿಸಲು ಚಿಕ್ಕಬೀರಮ್ಮ ಕ್ಯಾಲೆಂಡರ್ ಹೊತ್ತು ಮೈಸೂರಿನ ರೈಲ್ವೆ ಕಚೇರಿಗೂ ಹೋಗಿ ಬಂದಿದ್ದಾರೆ.

“ಉಣಸೆಬೀಜ ನಮ್ ಲೆಕ್ಕಕ್ಕೆ ಬರಲ್ಲಮ್ಮ ಅಂದ್ರು ಸಾಯೇಬ್ರು. ಅವ್ರು ಅಂದಿದ್ದೂ ಸರೀನೆಯ.”

ಊರಿನವರು ಸುಮ್ಮನೆ ಕೂತಿಲ್ಲ. ನಿಲುಗಡೆ ಉಳಿಸಿ ಎಂದು ಮನವಿ ಬರೆದರು, ಇನ್ನೂರ ಹನ್ನೆರಡು ಜನ ಸಹಿ ಹಾಕಿದರು. ಮೊದಲ ಸಹಿ ಲಿಂಗಯ್ಯನದು. ಮಾರನೆಯ ಬೆಳಿಗ್ಗೆ ಟಿಕೆಟ್ ಕೊಂಡವರು ಒಂಬತ್ತು.

“ಸೈನ್ ಆಕಕ್ಕೆ ಕ್ಯೂ ನಿಂತಿದ್ರು” ಎಂದು ಡಬ್ಬಿಯ ಮುಚ್ಚಳ ಒತ್ತುತ್ತಾರೆ. “ಆ ಕ್ಯೂ ಈ ಕಿಟ್ಕಿ ಮುಂದೆ ನಿಂತಿದ್ರೆ ಆಗ್ತಿರ್ನಿಲ್ವಾ? ಬಾಯ್ಬುಟ್ರೆ ರೈಲ್ವೇನೋರ್ನ ಬಯ್ತಾರೆ. ಟಿಕೀಟು ತಗಳ್ದೆ ಇದ್ದಿದ್ದು ನನ್ ತಪ್ಪು ಅಂತ ಒಬ್ರೂ ಅನ್ನಲ್ಲ.”

ನನ್ನ ಪೆನ್ನು ನಿಂತಿದೆ. ನಿಮ್ಮ ಆಸೆ ಏನು ಎಂದು ಕೇಳಬೇಕಿತ್ತು. ಕೇಳುವ ಮೊದಲೇ ಅವರು ಹೇಳುತ್ತಾರೆ.

“ರೈಲು ನಿಂತ್ರೆ ನಿಲ್ಲಲಿ, ಓದ್ರೆ ಓಗ್ಲಿ ಬುಡು. ಈ ಕಿಟ್ಕಿಗೆ ಬಂದು ಒಬ್ರಾದ್ರೂ ನಿಜ ಏಳ್ಬೇಕು ಕಣವ್ವ, ಅಷ್ಟೇಯ.”

ನಾನು ಬೆಂಚಿನಿಂದ ಎದ್ದು ಕಿಟಕಿಯ ಮುಂದೆ ನಿಲ್ಲುತ್ತೇನೆ.

“ಅಕ್ಕಾ, ನಾನೂ ಮೂರು ವರ್ಷ ಇಲ್ಲಿಂದಲೇ ಹೋದೆ. ಒಂದು ದಿನವೂ ಟಿಕೆಟ್ ತಗೊಳ್ಳಲಿಲ್ಲ.”