ಹೇಮಪ್ಪನ ಕಪ್ಪಿಗಾಡಿ

ಬೆಟಗೇರಿಯ ನೇಕಾರರ ಓಣಿಯಲ್ಲಿ ಹೇಮಪ್ಪನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. "ಕಪ್ಪಿಗಾಡಿ ನಿಂತೈತಲ್ರಿ, ಅದ" ಎನ್ನುತ್ತಿದ್ದರು. ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತ ಕಪ್ಪೆಯಂತಿದ್ದ ಆ ವಿಲಾಯತಿ ಸ್ಪೋರ್ಟ್ಸ್ ಕಾರಿಗೆ ಇದ್ದದ್ದು ಎರಡೇ ಸೀಟು, ಮೇಲೆ ತಗಡಿನ ಬದಲು ಬಟ್ಟೆಯ ಮುಚ್ಚಿಗೆ. ಹೇಮಪ್ಪನ ಅಂಗಳದಲ್ಲಿ ಅದು ಒಂಬತ್ತು ವರ್ಷ ನಿಂತಿತ್ತು. ನಿಂತಿತ್ತು ಎಂದೇ ಹೇಳಬೇಕು. ಓಡಿದ್ದನ್ನು ಓಣಿಯವರು ಯಾರೂ ಕಂಡಿರಲಿಲ್ಲ.

ಹೇಮಪ್ಪ ಹುಟ್ಟಿದ್ದು ಲಕ್ಷ್ಮೇಶ್ವರದ ಹತ್ತಿರದ ಅಡರಕಟ್ಟಿಯಲ್ಲಿ. ಹದಿನೇಳನೇ ವಯಸ್ಸಿಗೆ ಗದಗಿನ ಒಂದು ಅರಳೆ ಫ್ಯಾಕ್ಟರಿಗೆ ಲಾರಿಯ ಕ್ಲೀನರ್ ಆಗಿ ಬಂದ. ಆರು ವರ್ಷ ಡ್ರೈವರನ ಎಡಗಡೆ ಕುಳಿತು, ಇಳಿದು ಗಾಲಿಗೆ ಕಲ್ಲು ಕೊಟ್ಟು, ಹತ್ತಿ ಮತ್ತೆ ಅಲ್ಲೇ ಕುಳಿತು ಕೆಲಸ ಕಲಿತ. ಆಮೇಲೆ ತಾನೇ ಲಾರಿ ಓಡಿಸಿದ, ಕೆಟ್ಟಾಗ ತಾನೇ ಬಿಚ್ಚಿ ಕಟ್ಟಿದ, ಕೊನೆಗೆ ಫ್ಯಾಕ್ಟರಿಯ ಮೆಕ್ಯಾನಿಕ್ ಎನಿಸಿಕೊಂಡ. ಫ್ಯಾಕ್ಟರಿಯ ಒಡೆಯರಾದ ಸಾವಕಾರರು ಹರೆಯದಲ್ಲಿ ಮುಂಬಯಿಯಿಂದ ತರಿಸಿದ್ದ ಈ ಕಾರನ್ನು ಐತವಾರಕ್ಕೊಮ್ಮೆ ತೊಳೆಯುವ ಕೆಲಸ ಅವನ ಪಾಲಿಗಿತ್ತು. ತೊಳೆಯಬಹುದು, ಒರೆಸಬಹುದು, ಬ್ಯಾಟರಿ ಕೈಕೊಟ್ಟಾಗ ಹಿಂದಿನಿಂದ ನೂಕಬಹುದು. ಸ್ಟಿಯರಿಂಗ್ ಮುಂದೆ ಮಾತ್ರ ಸಾವಕಾರರ ಹೊರತು ಇನ್ನೊಬ್ಬರು ಕೂರುವಂತಿರಲಿಲ್ಲ. ಸಾವಕಾರರು ಕೆಟ್ಟ ಮನುಷ್ಯರೇನಲ್ಲ, ಹೇಮಪ್ಪನ ಮದುವೆಗೆ ಬಂದು ಉಂಡು ಹೋಗಿದ್ದರು. ಆದರೆ ಕೆಲವರಿಗೆ ಕೆಲವು ವಸ್ತುಗಳ ಮೇಲೆ ಅಂಥ ಜೀವ ಇರುತ್ತದೆ, ಅದಕ್ಕೆ ಯಾರೇನು ಮಾಡಲಾದೀತು!

ಸಾವಕಾರರು ತೀರಿಕೊಂಡ ಮೇಲೆ ಕಾರು ಫ್ಯಾಕ್ಟರಿಯ ಹಿಂದಿನ ಶೆಡ್ಡಿನಲ್ಲಿ ಹಾಳುಬಿತ್ತು. ಗದಗ ಬೇರೆ ಜಿಲ್ಲೆಯಾದ ವರ್ಷ ಊರಿನಲ್ಲಿ ಪಟಾಕಿ ಹಾರಿದವು. ಅದೇ ವರ್ಷ ಫ್ಯಾಕ್ಟರಿಗೆ ಬೀಗ ಬಿತ್ತು. ಶೆಡ್ಡು ಖಾಲಿ ಮಾಡಲು ಗುಜರಿಯವನು ಬಂದು ನಿಂತಿದ್ದಾಗ ಹೇಮಪ್ಪ ಸಾವಕಾರರ ಮಕ್ಕಳ ಮುಂದೆ ಹೋಗಿ ಆ ಕಾರನ್ನು ತನಗೆ ಕೊಡಿರೆಂದು ಕೇಳಿದ. ಅವರು ನಕ್ಕು, "ಒಯ್ಯಪಾ ಹೇಮಪ್ಪ, ನಮಗೂ ಜಾಗ ಆತು" ಎಂದರು. ಅವನಿಗೆ ಆಗ ಐವತ್ತು ದಾಟಿತ್ತು. ಆ ಗಾಡಿಯನ್ನು ಒಂದೇ ಒಂದು ಸಲ ತಾನು ಓಡಿಸಬೇಕು, ಪಕ್ಕದಲ್ಲಿ ಹೆಂಡತಿ ಮಂಜವ್ವ ಕುಳಿತಿರಬೇಕು, ಇಷ್ಟೇ ಅವನಿಗೆ ಬೇಕಾಗಿದ್ದದ್ದು.

ಮೊದಲ ವರ್ಷ ಅವನ ಬಾಯಲ್ಲಿ ಪುಣೆಯಿತ್ತು. ಕಾರು ತಯಾರಾಗಲಿ, ನೆಟ್ಟಗೆ ಪುಣೆಗೇ ಹೋಗುವುದು ಎನ್ನುತ್ತಿದ್ದ. ಮೂರನೇ ವರ್ಷ ಪುಣೆ ಹೋಗಿ ಹಮ್ಮಿಗಿ ಬಂತು. ಅದು ಮುಂಡರಗಿಯಾಚೆ ಹೊಳೆದಂಡೆಯಲ್ಲಿರುವ ಮಂಜವ್ವನ ತವರು. ಏಳನೇ ವರ್ಷಕ್ಕೆ, ಗದಗಿನ ಮಗ್ಗುಲಲ್ಲೇ ಇರುವ ಬಿಂಕದಕಟ್ಟಿತನಕ ಹೋಗಿ ಬಂದರೂ ಆದೀತು ಎನ್ನುವಲ್ಲಿಗೆ ಬಂದು ನಿಂತಿದ್ದ. ಕಾರು ತಯಾರಾಗುತ್ತ ಬಂದಂತೆ ಹೇಮಪ್ಪನ ದಾರಿ ಮೊಟಕಾಗುತ್ತ ಬಂತು.

ತಪ್ಪು ಅವನದಲ್ಲ. ಹಗಲೆಲ್ಲ ಮಂದಿಯ ಗ್ಯಾರೇಜಿನಲ್ಲಿ ದುಡಿದು, ಮನೆಗೆ ಬಂದು ಚಹಾ ಕುಡಿದು ಮತ್ತೆ ನಟ್ಟು ಬಿಚ್ಚುವ ಪಾನಾ ಹಿಡಿಯುವುದೆಂದರೆ ಎಂಥ ಗಟ್ಟಿ ಮೈಯೂ ಸೋಲುತ್ತದೆ. ತಳದ ತಗಡನ್ನು ತುಕ್ಕು ತಿಂದು ಮುಗಿಸಿತ್ತು. ಎಂಜಿನ್ ಕಚ್ಚಿಕೊಂಡು ನಿಂತಿತ್ತು. ಎಂಟು ತಿಂಗಳು ಡೀಸೆಲ್ ಕುಡಿಸಿದ ಮೇಲೆ ಒಂದು ಬೆರಳಿನಷ್ಟು ಅಲುಗಿತು. ಅಂಗಡಿಯಲ್ಲಿ ಸಿಗುವ ಸಾಮಾನು ಒಂದೂ ಅದಕ್ಕೆ ಹೊಂದುತ್ತಿರಲಿಲ್ಲ. ಉಂಗುರದಂಥ ಒಂದೊಂದು ಬುಶ್ಶನ್ನೂ ಲಕ್ಷ್ಮೇಶ್ವರದ ಲೇತ್ ಯಂತ್ರದವನ ಮುಂದೆ ಕುಳಿತು ಕಡೆಸಿ ತರಬೇಕು, ತಂದು ಹಾಕಿದರೆ ಕೂದಲೆಳೆಯಷ್ಟು ಹೆಚ್ಚಾಗಬೇಕು, ಮತ್ತೆ ಬಸ್ಸು ಹತ್ತಬೇಕು.

ಹೊರಮೈಯ ಕೆಲಸ ಗೆಳೆಯ ದಸ್ತಗೀರಸಾಬನದು. ಗಾಡಿಗಳ ತಗ್ಗು ಬಡಿದು ಸಮ ಮಾಡುವುದರಲ್ಲಿ ಅವನ ಕೈ ಪಳಗಿತ್ತು. ಬಡಿದಾದ ಮೇಲೆ ಕಣ್ಣು ಮುಚ್ಚಿ ತಗಡಿನ ಮೇಲೆ ಅಂಗೈ ಆಡಿಸುವನು. ಅಂಗೈ ಒಪ್ಪದಿದ್ದರೆ ಮತ್ತೆ ಸುತ್ತಿಗೆ ಎತ್ತುವನು.

"ಲೇ ಹೇಮ್ಯಾ, ಇದರಾಗ ಸಾವಕಾರರ ಗಾಡಿ ಎಷ್ಟ ಉಳದೈತಿ, ನಾವು ಮಾಡಿದ್ದು ಎಷ್ಟೈತಿ?" ಎಂದು ಒಂದು ದಿನ ಕೇಳಿದ.

"ನಂಬರ್ ಪ್ಲೇಟ್ ಅವರದು" ಎಂದ ಹೇಮಪ್ಪ. "ಉಳದಿದ್ದೆಲ್ಲ ನಮ್ಮ ಸೊಂಟನೋವು."

ಎಂಟನೇ ವರ್ಷ ಹೇಮಪ್ಪನ ಕಣ್ಣು ಕೈಕೊಟ್ಟಿತು. ಬಲಗಡೆ ಇಟ್ಟ ಪಾನಾ ಎಷ್ಟು ಹುಡುಕಿದರೂ ಕಾಣುತ್ತಿರಲಿಲ್ಲ. ತಲೆ ಪೂರಾ ತಿರುಗಿಸಿದರೆ ಅಲ್ಲೇ ಬಿದ್ದಿರುತ್ತಿತ್ತು. ಎದುರಿನದು ಮಾತ್ರ ಕಾಣುತ್ತಿತ್ತು, ಕೊಳವೆಯೊಳಗಿಂದ ನೋಡಿದ ಹಾಗೆ. ಮುಂಡರಗಿಯಲ್ಲಿ ಅಂಗನವಾಡಿ ನಡೆಸುವ ಮಗಳು ಮಮತಾ ಅವನನ್ನು ಹುಬ್ಬಳ್ಳಿಯ ಕಣ್ಣಿನ ಡಾಕ್ಟರಲ್ಲಿಗೆ ಕರೆದೊಯ್ದಳು. ಕಣ್ಣೊಳಗೆ ಒತ್ತಡ ಏರಿ ನರ ಒಣಗುತ್ತಿದೆ, ಹೋದದ್ದು ತಿರುಗಿ ಬರುವುದಿಲ್ಲ, ಇದ್ದದ್ದನ್ನು ಉಳಿಸಲು ಆಪರೇಷನ್ ಮಾಡಿ ನೋಡೋಣ ಎಂದರು ಡಾಕ್ಟರು. ಹೇಮಪ್ಪ ಆಪರೇಷನ್ನನ್ನು ಮುಂದೆ ದೂಡಿದ. ಕಾರು ಓಡಿಸಿದ ಮೇಲೆ ಕಣ್ಣು ಏನಾದರೂ ಆಗಲಿ ಎಂಬ ಹಟ ಅವನಿಗೆ. ಮೂರ್ಖತನ ಎಂದರೆ ಮೂರ್ಖತನವೇ. ಆದರೆ ಎಂಟು ವರ್ಷ ಬೆವರು ಸುರಿಸಿದವನಿಗೆ ಬುದ್ಧಿ ಹೇಳುವುದು ಸುಲಭದ ಕೆಲಸವಲ್ಲ.

ಯುಗಾದಿಯ ಮರುದಿನ, ಹೇಮಪ್ಪ ಹೊರಗೆ ನಿಂತೇ ಕೈ ಚಾಚಿ ಕೀಲಿ ತಿರುಗಿಸಿದಾಗ, ಎಂಜಿನ್ ಚಾಲೂ ಆಯಿತು. ಸೀಟು ಮಾತ್ರ ಉಳಿದಿತ್ತು. ಹಳೆಯ ಚರ್ಮ ಮುಟ್ಟಿದರೆ ಉದುರುತ್ತಿತ್ತು. ಮಂಜವ್ವ ಕೌದಿ ಹೊಲಿಯುವವಳು. ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಅವಳ ಕೌದಿಯ ಮೇಲೇ ಮಲಗಿ ಬೆಳೆದಿದ್ದವು. ಅವಳು ಹಳೆಯ ಸೀರೆಗಳನ್ನು ಹನ್ನೆರಡು ಪದರ ಹಾಕಿ, ನಡುವೆ ಅರಳೆ ತುಂಬಿ, ಎರಡು ಸೀಟು ಹೊಲಿದುಕೊಟ್ಟಳು. ಕೌದಿ ಮುಗಿದಾಗ ಅದರ ಒಂದು ಮೂಲೆಯಲ್ಲಿ ಹೋಳಿಗೆಯ ಚೂರು ಇಟ್ಟು ಬಾಯಿ ಹೊಲಿಯುವುದು ಪದ್ಧತಿ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಬಿಡಬಾರದೆಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮಂಜವ್ವ ಅದಕ್ಕೆಂದೇ ಹೋಳಿಗೆ ಮಾಡಿ, ಎರಡೂ ಸೀಟಿನ ಹೊಟ್ಟೆ ತುಂಬಿಸಿ, ಗಂಟು ಹಾಕಿ ದಾರ ಕಡಿದಳು.

ಅದೇ ವಾರ ಹೇಮಪ್ಪನಿಗೆ ಕಣ್ಣಿನ ನೋವು ತಡೆಯಲಾರದಷ್ಟಾಯಿತು. ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸಿದರು. ಭಾರ ಎತ್ತಬಾರದು, ಬಗ್ಗಬಾರದು ಎಂದದ್ದಕ್ಕೆ ಮಮತಾ ಅವನನ್ನೂ ತಾಯಿಯನ್ನೂ ಮುಂಡರಗಿಯ ತನ್ನ ಮನೆಯಲ್ಲಿ ನಲವತ್ತು ದಿನ ಇಟ್ಟುಕೊಂಡಳು. ಕಾರಿಗೆ ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಕಲ್ಲು ಇಟ್ಟು ಹೋಗಿದ್ದರು. ಮನೆಯ ಕೌದಿಯಾದರೆ ದಿನಾ ಮೈಮೇಲಿರುತ್ತದೆ, ಬಿಸಿಲಿಗೆ ಬೀಳುತ್ತದೆ, ಝಾಡಿಸಿಕೊಳ್ಳುತ್ತದೆ. ತಾಡಪತ್ರಿಯ ಕತ್ತಲಲ್ಲಿ ಅರಳೆಯ ಮೆತ್ತೆ, ಮೆತ್ತೆಯಲ್ಲಿ ಹೋಳಿಗೆ. ಇಲಿಗಳಿಗೆ ಇನ್ನೇನು ಬೇಕು?

ತಿರುಗಿ ಬಂದ ದಿನ ಹೇಮಪ್ಪ ಕೈಚೀಲ ಕೂಡ ಕೆಳಗಿಡದೆ ತಾಡಪತ್ರಿ ಎತ್ತಿದ. ಮೊದಲು ನಾತ ಬಂತು. ಕೈಯಾಡಿಸಿದರೆ ಸೀಟಿನ ಮೂಲೆಗಳು ಬಾಯಿ ತೆರೆದಿದ್ದವು, ಅರಳೆ ಗಾಡಿಯ ತುಂಬ ಹರಡಿತ್ತು. ಹೋಳಿಗೆ ಮುಗಿಸಿದ ಇಲಿಗಳು ಅಲ್ಲೇ ಸಂಸಾರ ಹೂಡಿ, ಸ್ಟಿಯರಿಂಗಿನ ಕೆಳಗಿನ ವಾಯರುಗಳನ್ನೆಲ್ಲ ಕಡಿದು ಬಿಸಾಕಿದ್ದವು. ಕಣ್ಣು ನೆಟ್ಟಗಿದ್ದಾಗ ಒಂದೊಂದಾಗಿ ಬಣ್ಣ ನೋಡಿ ಎಳೆದ ಹದಿನೇಳು ವಾಯರು. ಹೇಮಪ್ಪ ನೆಲದ ಮೇಲೆ ಕುಳಿತು ಅತ್ತುಬಿಟ್ಟ. ಅವನಿಗೆ ನಾಚಿಕೆಯೂ ಆಗಲಿಲ್ಲ.

ಅಳು ಮುಗಿದ ಮೇಲೆ ಸಿಟ್ಟು ಬಂತು.

"ನಿನ್ನ ಹೋಳಿಗಿ ನನ್ನ ಗಾಡಿ ನುಂಗಿತಲ್ಲ! ಕಾರಿನ ಸೀಟಿಗೆ ಯಾರರ ಹೊಟ್ಟಿ ತುಂಬಸ್ತಾರೇನು?"

ಮಂಜವ್ವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. "ಅವತ್ತ ಉಳದ ಹೋಳಿಗಿ ತುಪ್ಪಾ ಹಚಗೊಂಡು ತಿಂದವರು ಯಾರ್ರಿ? ಸೀಟಿನಾಗ ಚೂರು ಇಡಾಕತ್ತಾಗ ಮಗ್ಗಲದಾಗ ಕುಂತು ನೋಡಿದ್ರಿ. ಆವಾಗ ನಿಮಗ ಇಲಿ ನೆನಪಾಗ್ಲಿಲ್ಲೇನು?"

ಹೇಮಪ್ಪ ತಿಂದದ್ದು ಖರೆ, ನೋಡಿದ್ದೂ ಖರೆ. ಇಲಿ ಕಡಿದ ಗಾಡಿಗಳನ್ನು ಜೀವಮಾನವಿಡೀ ರಿಪೇರಿ ಮಾಡಿದವನಿಗೆ ತನ್ನ ಗಾಡಿಯ ಹೊತ್ತಿಗೆ ಬುದ್ಧಿ ಹೊಳೆದಿರಲಿಲ್ಲ. ಎರಡು ದಿನ ಅವನು ತಾನೇ ಬಡಿಸಿಕೊಂಡು ಉಂಡ. ಮೂರನೇ ದಿನ ಅವನು ಕಾರಿನೊಳಗೆ ತಲೆ ತೂರಿಸಿ ಮಲಗಿ, ಕೆಂಪು ವಾಯರು ಯಾವುದು ಕಂದು ಯಾವುದು ತಿಳಿಯದೆ ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ಒದ್ದಾಡುತ್ತಿದ್ದಾಗ ಮಂಜವ್ವ ಬಂದು ಅವನ ಕಾಲು ಅಲುಗಿಸಿದಳು.

"ಸರೀರಿ ಅತ್ಲಾಗ. ಯಾವ ಬಣ್ಣ ಎಲ್ಲಿಗೆ ಹೋಗಬೇಕು ಅದನ್ನ ಹೇಳ್ರಿ ಸಾಕು. ಗಂಟು ನಾ ಹಾಕ್ತೀನಿ."

ಅಲ್ಲಿಂದ ಮಳೆಗಾಲ ಕಳೆಯುವವರೆಗೆ ಅದೇ ಕೆಲಸ. ಮಂಜವ್ವ ಸ್ಟಿಯರಿಂಗಿನ ಕೆಳಗೆ ಅಂಗಾತ ಮಲಗುವಳು, ಹೇಮಪ್ಪ ಹೊರಗೆ ಕುಳಿತು ಹೇಳುವನು. ಅವನು ನೀಲಿ ಎಂದರೆ ಅವಳು, "ಯಾವ ನೀಲಿ? ನವಲಿನ ಕೊರಳಿಂದೋ, ನೀಲಿ ಪುಡಿದೋ?" ಎನ್ನುವಳು. ಸೀರೆಯ ಬಣ್ಣಕ್ಕೂ ವಾಯರಿನ ಬಣ್ಣಕ್ಕೂ ಹೊಂದಾಣಿಕೆಯಾಗುವುದರಲ್ಲೇ ಒಂದು ತಿಂಗಳು ಹೋಯಿತು. ಅವಳ ಕುತ್ತಿಗೆ ಹಿಡಿದುಕೊಂಡಿತು, ಇವನ ಗಂಟಲು ಬಿದ್ದುಹೋಯಿತು. ಹೊಸ ಸೀಟು ಹೊಲಿದಾಗ ಈ ಸಲ ಹೋಳಿಗೆ ಇಡಲಿಲ್ಲ. ದಾರ ಕಡಿಯುವ ಮುಂಚೆ ಅವಳ ಕೈ ಒಂದು ಗಳಿಗೆ ತಡೆಯಿತು, ಅಷ್ಟೇ. ಈ ನಡುವೆ ಹೇಮಪ್ಪನ ಕಣ್ಣಿನ ಕೊಳವೆ ಇನ್ನಷ್ಟು ಸಣ್ಣದಾಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಮಂಜವ್ವನಿಗೆ ಹೇಳುವ ಅಗತ್ಯವೂ ಇರಲಿಲ್ಲ, ಗಂಗಾಳದ ಪಕ್ಕದಲ್ಲಿಟ್ಟ ನೀರಿನ ತಂಬಿಗೆಯನ್ನು ಅವನು ತಡವುವುದನ್ನು ಅವಳು ದಿನಾ ನೋಡುತ್ತಿದ್ದಳು.

ಮಹಾನವಮಿಯ ಖಂಡೆಪೂಜೆಯ ಬೆಳಿಗ್ಗೆ ಕಾರಿಗೆ ನೀರು ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ದಸ್ತಗೀರಸಾಬ ಹೊಸ ಅಂಗಿ ತೊಟ್ಟು ಬಂದಿದ್ದ. ಹೇಮಪ್ಪ ಮೊದಲ ಸಲ ಸ್ಟಿಯರಿಂಗಿನ ಮುಂದೆ ಕುಳಿತು ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು. ಬಾಗಿಲಲ್ಲಿ, ಕಿಟಕಿಯಲ್ಲಿ ಓಣಿಯ ಮಂದಿ ಸೇರಿದರು. ಮಂಜವ್ವ ಸೆರಗು ಸರಿಮಾಡಿಕೊಂಡು ಕಾರಿನತ್ತ ಹೆಜ್ಜೆ ಇಟ್ಟಿದ್ದಳು. ಹೇಮಪ್ಪನಿಗೆ ತಡೆಯಲಾಗಲಿಲ್ಲ, ಮೊದಲನೇ ಗೇರು ಹಾಕಿ ಮೆಲ್ಲಗೆ ಕ್ಲಚ್ ಬಿಟ್ಟ. ಕಾರು ಎರಡು ಮಾರು ಮುಂದೆ ಸರಿಯಿತು.

"ನಿಂದರ್ಸ್ರೀ!" ಮಂಜವ್ವ ಚೀರಿದಳು.

ಅವನು ಬ್ರೇಕ್ ಒತ್ತಿದ. ಬಲಗಡೆಯ ಮುಂದಿನ ಗಾಲಿಯಿಂದ ಒಂದು ಗೇಣು ದೂರದಲ್ಲಿ ಪಕ್ಕದ ಮನೆಯ ಗುಲ್ನಾಜಳ ಕೂಸು ಕುಳಿತಿತ್ತು, ಒಡೆದ ಕಾಯಿಯ ಚೂರನ್ನು ಹೆಕ್ಕಲು ತೆವಳಿಕೊಂಡು ಬಂದದ್ದು. ಗುಲ್ನಾಜ ಓಡಿ ಬಂದು ಎತ್ತಿಕೊಂಡಳು. ಕೂಸಿಗೆ ಏನೂ ಆಗಿರಲಿಲ್ಲ, ಬಾಯಲ್ಲಿ ಕೊಬ್ಬರಿ ಇತ್ತು. ಅಂಗಳದಲ್ಲಿದ್ದ ಎಲ್ಲರಿಗೂ ಆ ಕೂಸು ಕಂಡಿತ್ತು, ಒಬ್ಬ ಹೇಮಪ್ಪನಿಗೆ ಬಿಟ್ಟು.

ಅವನು ಎಂಜಿನ್ ಬಂದ್ ಮಾಡಿದ. ಆಮೇಲೆ ಬಾಗಿಲು ತೆರೆದು ಇಳಿದ.

"ದಸ್ತಗೀರ, ನೀ ಕುಂಡ್ರು."

"ಲೇ, ನಾನೇನು ಡ್ರೈವರೇನಲೇ? ಗ್ಯಾರೇಜಿನಾಗ ಗಾಡಿ ಹಿಂದಮುಂದ ಸರಿಸಿ ಕಲತಾಂವ."

"ನಿನಗ ಕಣ್ಣು ಕಾಣತಾವ. ಸಾಕು. ಬಿಂಕದಕಟ್ಟಿತನಕ ಹೋಗಿ ಬಾ."

"ಹಂಗಾರ ನೀವು ಎಡಕ್ಕ ಹತ್ರಿ" ಎಂದಳು ಮಂಜವ್ವ. "ಒಂಬತ್ತು ವರ್ಷ ಮಾಡೀರಿ. ನಾ ಮನ್ಯಾಗ ಇರ್ತೀನಿ."

ಹೇಮಪ್ಪ ಒಲ್ಲೆನೆಂದು ತಲೆಯಾಡಿಸಿದ. "ಎಡಕ್ಕ ಕುಂತು ಆರು ವರ್ಷ ತಿರಗೀನಿ ಮಂಜವ್ವ. ಈ ಗಾಡ್ಯಾಗ ಮಾತ್ರ ನನಗ ಅಲ್ಲಿ ಕುಂಡ್ರಾಕ ಆಗೂದಿಲ್ಲ. ನೀ ಹೋಗು. ಅದರ ವಾಯರು ನೀ ಹಾಕೀದಿ."

ಅವಳು ಅವನ ಮುಖ ನೋಡಿ ಹತ್ತಿ ಕುಳಿತಳು. ದಸ್ತಗೀರಸಾಬ "ವೈನಿ, ಗಟ್ಟಿ ಹಿಡಕೋರಿ" ಎಂದು ಬಿಸ್ಮಿಲ್ಲಾ ಹೇಳಿ ಎಂಜಿನ್ ಚಾಲೂ ಮಾಡಿದ. ಕಪ್ಪಿಗಾಡಿ ಅಂಗಳ ದಾಟಿ ಓಣಿಗಿಳಿಯಿತು. ಓಣಿಯ ಮಂದಿ ಕೇಕೆ ಹಾಕಿ ಅದರ ಹಿಂದೆ ಮೂಲೆಯವರೆಗೆ ಹೋದರು. ಅಂಗಳದಲ್ಲಿ ಹೇಮಪ್ಪ, ಕೂಸನ್ನು ಎತ್ತಿಕೊಂಡ ಗುಲ್ನಾಜ, ಇಬ್ಬರೇ ಉಳಿದರು.

ಹಬ್ಬದ ದಿನ ಮಗ್ಗಗಳೂ ಪೂಜೆಗೆ ನಿಂತಿದ್ದವು. ಎಂದೂ ಸುಮ್ಮನಿರದ ಓಣಿ ಅಂದು ಸುಮ್ಮನಿತ್ತು, ಎಂಜಿನ್ನಿನ ಸದ್ದು ದೂರದವರೆಗೆ ನಿಚ್ಚಳವಾಗಿ ಕೇಳುತ್ತಿತ್ತು. ಮೂಲೆ ತಿರುಗಿತು. ದೊಡ್ಡ ರಸ್ತೆಗೆ ಬಿತ್ತು. ಮೊದಲನೇ ಗೇರಿನಲ್ಲೇ ಗೋಳಾಡುತ್ತ ಏರುತ್ತಿತ್ತು. "ಎರಡಕ್ಕ ಹಾಕೋ" ಎಂದ ಹೇಮಪ್ಪ, ಯಾರಿಗೂ ಕೇಳದಷ್ಟು ಮೆಲ್ಲಗೆ. ತಡವಾಗಿ ಎರಡನೇ ಗೇರು ಬಿತ್ತು. ಅವನ ಎಡಗೈ ಗಾಳಿಯಲ್ಲಿ ಒಂದಿಷ್ಟು ಹಿಂದಕ್ಕೆ ಬಂತು, ಎಡಗಾಲು ಕ್ಲಚ್ ಒತ್ತುವಂತೆ ಅಂಗಳದ ಮಣ್ಣನ್ನು ಒತ್ತಿ ಬಿಟ್ಟಿತು. ಮೂರಕ್ಕೆ ಮತ್ತೊಮ್ಮೆ ಒತ್ತಿತು.

ಗುಲ್ನಾಜ ಅವನ ಕಾಲನ್ನೇ ನೋಡುತ್ತಿದ್ದಳು. "ಯಾಕ ಕಾಕಾ, ಕಾಲು ಜೋಮು ಹಿಡೀತೇನು?"

"ಹೂನವಾ, ಜೋಮು ಹಿಡದೈತಿ" ಎಂದ ಹೇಮಪ್ಪ. ಸದ್ದು ಬಿಂಕದಕಟ್ಟಿಯ ಕಡೆ ಕ್ಷೀಣವಾಗುತ್ತಿತ್ತು. ಅವನು ಕಿವಿಗೊಟ್ಟು, ನಾಲ್ಕನೇ ಗೇರಿಗೆ ಮಣ್ಣನ್ನು ಇನ್ನೊಮ್ಮೆ ಒತ್ತಿದ.