ಹಣ್ಣೆಲೆಯ ಕಾಲಕ್ಕೆ ಬಂದ ಭಾವ

ಭಾವನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಯಾವಾಗಲೂ ಕಪ್ಪಗಿರುತ್ತಿದ್ದವು. ಹಿಪ್ಪುನೇರಳೆ ಸೊಪ್ಪು ಕಿತ್ತು ಕಿತ್ತು ಅಂಟಿದ ಸೊನೆ ಅದು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮುದ್ದೆ ಮುರಿಯುವಾಗ ಆ ಎರಡು ಬೆರಳು ಬೇರೆ ಯಾರದೋ ಕೈಯವು ಅನ್ನಿಸುತ್ತಿದ್ದವು.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಜಂಗಮಕೋಟೆ. ಎರಡು ಎಕರೆ ಸೊಪ್ಪಿನ ತೋಟ, ನಡುಮನೆಯಲ್ಲಿ ರೇಷ್ಮೆ ಹುಳ. ಯಾವ ಗಿಡದ ಪಕ್ಕ ಹಾದರೂ ಒಂದು ಎಲೆ ಕಿತ್ತು, ಮಡಿಸಿ, ಮುರಿಯುವ ಸದ್ದು ಕೇಳಿ, ಕೆನ್ನೆಗೆ ಒತ್ತಿಕೊಂಡು ನೋಡುವುದು ಅವರ ಅಭ್ಯಾಸ. ಎಲೆ ತಂಪಾಗಿರಬೇಕು, ಒದ್ದೆಯಿರಬಾರದು. ಬುಟ್ಟಿಯಲ್ಲಿ ಒಂದು ಹಳದಿ ಎಲೆ ಕಂಡರೂ ಅಕ್ಕನನ್ನು ಕೂಗುತ್ತಿದ್ದರು.

"ಇದನ್ನ ಹಾಕಿದ್ರೆ ಹುಳ ನಿಂಗೆ ಶಾಪ ಹಾಕ್ತವೆ ಕಣೇ."

"ಹುಳಕ್ಕೆ ಬಾಯಿರೋದು ತಿನ್ನೋಕೆ. ಶಾಪ ಹಾಕೋಕೆ ನೀವಿದೀರಲ್ಲ," ಅನ್ನುತ್ತಿದ್ದಳು ಅಕ್ಕ.

ನಮ್ಮ ಊರು ಮಂಚೇನಹಳ್ಳಿ. ಅಪ್ಪ ತೀರಿಕೊಂಡ ಮೇಲೆ ನಾನು ದನ ಕಾಯುತ್ತಿದ್ದೆ. ಹದಿನಾಲ್ಕು ವರ್ಷಕ್ಕೆ ನನ್ನ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ. ಭಾವ ನನ್ನನ್ನು ಜಂಗಮಕೋಟೆಗೆ ಕರೆದುಕೊಂಡು ಹೋಗಿ ನಾಲ್ಕನೇ ತರಗತಿಯಲ್ಲಿ ಕೂರಿಸಿದರು. ಮೀಸೆ ಚಿಗುರುತ್ತಿದ್ದ ನನ್ನನ್ನು ಹುಡುಗರೆಲ್ಲ "ಮಾವ" ಅನ್ನತೊಡಗಿದರು. ಇನ್ನು ಹೋಗುವುದಿಲ್ಲ ಎಂದು ಸ್ಲೇಟು ಎಸೆದೆ. ಯಾವ ಮಾತಿಗೂ ತೆಲುಗಿನಲ್ಲಿ "ಸರ್ಲೇ", ಸರಿ ಬಿಡು, ಅಂದು ಮುಗಿಸಿಬಿಡುವ ಮನುಷ್ಯ ಅದೊಂದಕ್ಕೆ ಮಾತ್ರ ಹಾಗೆ ಅನ್ನಲಿಲ್ಲ.

"ಮಾವ ಅಂದ್ರೆ ಅನ್ಲಿ. ಮಾವನಾಗೇ ಓದು," ಅಂದರು.

ಓದಿದೆ. ಎಸ್ಸೆಸ್ಸೆಲ್ಸಿ ಪಾಸಾದಾಗ ನನಗೆ ಇಪ್ಪತ್ತೊಂದು. ಕರಾವಳಿಯೂ ಆಗ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಎರಡನೇ ವರ್ಷ, ಅಕ್ಕ ಜ್ವರದಲ್ಲಿ ತೀರಿಕೊಂಡಳೆಂದು ತಂತಿ ಬಂತು. ಘಟ್ಟ ಹತ್ತಿ ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನಗೆ ಅಳು ಬರಲಿಲ್ಲ. ಭಾವನೂ ಅಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಹನ್ನೊಂದನೇ ದಿನ ಮುಗಿಸಿ ವಾಪಸು ಬಂದು ಕಡತ ಬಿಚ್ಚಿದೆ, ಕಡತ ಕಟ್ಟಿದೆ.

ಆರು ತಿಂಗಳಿಗೆ ಅಮ್ಮನಿಂದ ಕಾಗದ ಬಂತು. ಅಕ್ಕ ಹೋದರೆ ತಂಗಿಯನ್ನು ಅದೇ ಮನೆಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. "ನಿನ್ನ ತಂಗಿಯನ್ನು ನಿಮ್ಮ ಭಾವನಿಗೇ ಕೊಡೋಣ ಅಂತಿದೀನಿ, ನೀನೂ ಒಪ್ಪಿಗೆ ಬರಿ" ಎಂದಿತ್ತು. ಅಮ್ಮನಿಗೆ ಓದು ಬರಹ ಬಾರದು. ಅಕ್ಷರ ನನ್ನ ತಂಗಿಯದೇ. ಹದಿನೇಳು ವರ್ಷ, ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಅಮ್ಮ ಹೇಳಿದ್ದನ್ನು ಒಂದು ಅಕ್ಷರವೂ ತಪ್ಪದೆ ದುಂಡಗೆ ಬರೆದಿದ್ದಳು.

ಅದನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ. ಭಾವ ನನ್ನನ್ನು ಓದಿಸಿದವರು, ಅವರಿಗೆ ಇಲ್ಲ ಅನ್ನುವುದು ಹೇಗೆ ಎಂದುಕೊಂಡು, ಒಪ್ಪಿಗೆ ಇದೆ ಎಂದು ಒಂದು ಕಾರ್ಡು ಗೀಚಿ ಹಾಕಿಬಿಟ್ಟೆ. ಆ ಕಾರ್ಡನ್ನು ಅಮ್ಮನಿಗೆ ಓದಿ ಹೇಳುವವಳೂ ತಂಗಿಯೇ ಎಂಬುದು ಡಬ್ಬಕ್ಕೆ ಹಾಕಿದ ಮೇಲೆ ಹೊಳೆಯಿತು.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಭಾವ ಹೇಳದೆ ಕೇಳದೆ ಬಂದಿಳಿದರು. ಹೆಗಲ ಮೇಲೆ ರಾಗಿ ಹಿಟ್ಟಿನ ಗಂಟು. ಯಾಕೆ ಬಂದಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಂಜೆ ಕಡಲ ಕಡೆ ಕರೆದುಕೊಂಡು ಹೋದೆ. ದಂಡೆಯ ಉದ್ದಕ್ಕೂ ಕಾಡುಬಾದಾಮಿ ಮರಗಳು. ಎಲೆ ಉದುರುವ ಕಾಲ ಮುಗಿಯುತ್ತಾ ಬಂದಿತ್ತು. ಅರ್ಧ ನೆಲದ ಮೇಲೆ, ಅರ್ಧ ಕೊಂಬೆಯಲ್ಲಿ, ಎಲ್ಲವೂ ಕೆಂಪು, ತಾಮ್ರದ ಬಣ್ಣ, ಅಲ್ಲೊಂದು ಇಲ್ಲೊಂದು ಅರಿಸಿನ. ಎರಡು ವರ್ಷದಿಂದ ಅಲ್ಲೇ ಓಡಾಡುತ್ತಿದ್ದ ನಾನು ಅದನ್ನು ಸರಿಯಾಗಿ ನೋಡಿರಲಿಲ್ಲ.

ಭಾವ ಕಡಲನ್ನು ಒಂದು ಸಲ ನೋಡಿ "ಸರ್ಲೇ" ಅಂದು ಮರದ ಕಡೆ ತಿರುಗಿದರು. ಒಂದು ಕೆಂಪೆಲೆ ಎತ್ತಿ ಮಡಿಸಿದರು. ಕೆನ್ನೆಗೆ ಒತ್ತಿದರು.

"ದಪ್ಪ. ಹುಳ ಮುಟ್ಟಲ್ಲ."

ಆದರೆ ಎಸೆಯಲಿಲ್ಲ. ಇನ್ನೊಂದು ಎತ್ತಿದರು, ಮತ್ತೊಂದು. ಮರದಡಿ ಗುಡಿಸುತ್ತಿದ್ದ ಹೆಂಗಸು ಪೊರಕೆ ನಿಲ್ಲಿಸಿ, "ಎಂತ ಒಡೆಯರೇ, ನಿಮ್ಮೂರಲ್ಲಿ ಮರ ಇಲ್ಯಾ?" ಅಂದಳು.

"ಇದಾವಮ್ಮ. ಎಲೆ ಹಣ್ಣಾಗಕ್ಕೆ ನಾನು ಬಿಟ್ಟಿಲ್ಲ," ಅಂದರು ಭಾವ.

ಮಾರನೇ ದಿನವೂ ಹೋದೆವು. ಭಾವ ಎಲೆ ಎತ್ತಲಿಲ್ಲ, ಮಡಿಸಲಿಲ್ಲ. ಕಟ್ಟೆಯ ಮೇಲೆ ಕೂತು ತಲೆಯೆತ್ತಿ ನೋಡುತ್ತಲೇ ಇದ್ದರು. ಗಾಳಿಗೆ ನಾಲ್ಕು ಬಿದ್ದರೆ ಅವು ಉರುಳುವವರೆಗೂ ನೋಡುತ್ತಿದ್ದರು. ಅಕ್ಕ ಹೋದ ಮೇಲೆ ಆ ಮುಖದಲ್ಲಿ ಸ್ವಲ್ಪ ಸಡಿಲ ಕಂಡದ್ದು ಅವತ್ತೇ. ಮೂರನೇ ಸಂಜೆ, ನೋಟ ಮರದ ಮೇಲಿಟ್ಟುಕೊಂಡೇ ಬಾಯಿಬಿಟ್ಟರು.

"ನಿಮ್ಮಮ್ಮ ಹೇಳ್ಕಳ್ಸಿದ್ರು. ನೀನೂ ಒಪ್ಕಂಡಿದೀಯಂತೆ."

"ಹೂಂ ಭಾವ."

"ಯಾಕೆ?"

"ನೀವು ನನಗೆ ಇಷ್ಟೆಲ್ಲ ಮಾಡಿದೀರ."

"ಅದಕ್ಕೆ ಆ ಮಗೂನ ಕೊಡ್ತೀಯಾ? ನನ್ನ ಮದುವೇಲಿ ಅವಳಿಗೆ ಮೂರು ವರ್ಷ. ಬಾಸಿಂಗ ಕಟ್ಕಂಡು ಕೂತಿದ್ರೆ ತೊಡೆ ಮೇಲೆ ಹತ್ತಿ ಉಚ್ಚೆ ಹೊಯ್ದಿದ್ಲು. ಅವಳನ್ನ ಹೆಂಡ್ತಿ ಅನ್ನಕ್ಕಾಗ್ತದೇನಯ್ಯ?"

"ಹಂಗಾದ್ರೆ ನೀವೇ ಅಮ್ಮನಿಗೆ ಬೇಡ ಅಂತ ಹೇಳಿ."

"ನಾನು ಬೇಡ ಅಂದ್ರೆ, ಭಾವನೇ ಬೇಡ ಅಂದ ಹುಡುಗಿ ಅಂತಾರೆ. ಏನೋ ಐಬು ಇರ್ಬೇಕು ಅಂತಾರೆ. ಆಮೇಲೆ ಅವಳನ್ನ ಕೇಳ್ಕಂಡು ಯಾರು ಬರ್ತಾರೆ? ಹೆಣ್ಣಿನ ಕಡೆಯೋರೇ ಬೇಡ ಅಂದ್ರೆ ಅವಳಿಗೇನೂ ಅಂಟಲ್ಲ. ನೀನು ಬೇಡ ಅನ್ನಬೇಕು ಕಣಪ್ಪ. ಅದು ಹೇಳಕ್ಕೇ ಬಂದೆ."

"ಅಮ್ಮ ನನ್ನ ಏನಂದ್ಕೊಳ್ತಾಳೆ?"

"ಬೈತಾರೆ. ಬೈಸ್ಕೋ."

ಮತ್ತೆ ಅಂದರು: "ನಾನು ಹೇಳಿಸ್ದೆ ಅಂತ ಯಾರಿಗೂ ತಿಳೀಬಾರ್ದು. ಅವಳಿಗಂತೂ ಬೇಡವೇ ಬೇಡ. ಅಕ್ಕನ ಮನೆ ಅಂತ ಬಂದು ಹೋಗೋ ಮಗು, ನನ್ನ ಮುಖ ನೋಡಕ್ಕೆ ಸಂಕೋಚ ಪಟ್ಕೊಳ್ತಾಳೆ."

ಕೋಣೆಗೆ ಬಂದು ಕಾಗದ ಬರೆದೆ. ಭಾವನಿಗೆ ವಯಸ್ಸು ಹೆಚ್ಚು, ನನ್ನ ಒಪ್ಪಿಗೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ತಂಗಿ ಟೀಚರ್ ಟ್ರೈನಿಂಗಿಗೆ ಸೇರಲಿ ಎಂದು. ಭಾವ ಪಕ್ಕದಲ್ಲಿ ಕೂತು ಓದಿಸಿಕೊಂಡರು.

"ವಯಸ್ಸೊಂದೇ ಸಾಲ್ದು. ಆಳು ಕರಿಯ ಅಂತಲೂ ಬರಿ," ಅಂದರು.

ಅದನ್ನೂ ಬರೆದೆ. ಮಾರನೇ ದಿನ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಆ ಹೊತ್ತನ್ನೆಲ್ಲ ಅವರು ಆ ಮರಗಳ ಕೆಳಗೇ ಕಳೆದರು. ನಾನು ಗಂಟು ಕಾಯುತ್ತಾ ನಿಂತಿದ್ದೆ.

ಅಮ್ಮ ಒಂದು ವರ್ಷ ನನ್ನೊಡನೆ ಮಾತಾಡಲಿಲ್ಲ. ತಂಗಿ ಟ್ರೈನಿಂಗ್ ಮುಗಿಸಿ ನಗರಗೆರೆಯಲ್ಲಿ ಟೀಚರಾದಳು. ಅಲ್ಲಿಗೇ ಒಳ್ಳೆಯ ಕಡೆ ಮದುವೆಯೂ ಆಯಿತು. ಧಾರೆಯ ದಿನ ಭಾವ ಅಡುಗೆಯವರ ಜೊತೆ ನಿಂತು ಎಲ್ಲರೂ ಉಂಡ ಮೇಲೆ ಉಂಡರು. ಮತ್ತೆ ಮದುವೆಯಾಗಲಿಲ್ಲ. ಹುಳ ಸಾಕುತ್ತಲೇ ಇದ್ದರು.

ಅವರು ಹೋದದ್ದು ಅದಾಗಿ ನಾಲ್ಕು ವರ್ಷಕ್ಕೆ, ಎದೆನೋವು ಬಂದು, ತೋಟದಲ್ಲೇ. ಮಣ್ಣು ಮಾಡಿ ಬಂದು ಜಗಲಿಯ ಮೇಲೆ ಕೂತಿದ್ದೆವು. ಅಮ್ಮ ಎಲ್ಲರ ಎದುರಿಗೆ ಹೇಳಿದಳು: "ಒಂದು ಲೋಟ ನೀರು ಕೊಡೋರಿಲ್ದೆ ಹೋದ. ನಿನ್ನಿಂದ ಕಣೋ. ಓದಿಸಿದೋನ್ನ ಕರಿಯ ಅಂತ ಬರೆದೆ."

ನಾನು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ತಂಗಿ ಚೊಂಬು ಹಿಡಿದು ಬಂದು ನೀರು ಹಾಕಿದಳು.

"ಅಮ್ಮ ಅಂದಿದ್ದು ಮನಸ್ಸಿಗೆ ಹಚ್ಕೋಬೇಡ ಅಣ್ಣ," ಅಂದಳು. "ಅವತ್ತು ನೀನು ಬೇಡ ಅಂದಿದ್ದಕ್ಕೆ ನಾನು ಈ ಥರ ಚೆನ್ನಾಗಿದೀನಿ. ಒಂದು ಸಲಾನೂ ನಿನಗೆ ಹೇಳಿರಲಿಲ್ಲ."

ಆ ಮಾತು ಸೇರಬೇಕಾದವರು ಒಂದು ಗಂಟೆಯ ಹಿಂದೆ ಮಣ್ಣಿಗೆ ಹೋಗಿದ್ದರು. ನಾನು ಕೈ ಒಡ್ಡಿದೆ, ಅವಳು ಇನ್ನೊಂದು ಚೊಂಬು ನೀರು ಹಾಕಿದಳು. ಹೂಂ ಅಂದೆ.