ಹದಿನೆಂಟು ನಿಮಿಷ, ನಲವತ್ತೆರಡು ಮನೆಯ ರೊಟ್ಟಿ

ಚಟ್-ತೆರೆಕ್ ಊರಿಗೆ ಮೇಲಿನಿಂದ ಬರುವುದು ಎರಡೇ: ಕೆಸರು ಮತ್ತು ಕಾಗದ. ಕೆಸರು ವಸಂತದಲ್ಲಿ ಮಾತ್ರ, ಹಿಮ ಕರಗುವ ಹೊತ್ತಿಗೆ ಮಳೆಯೂ ಸೇರಿಕೊಂಡರೆ, ಬಂಡೆಗಳನ್ನು ಗೋಲಿಯಂತೆ ಉರುಳಿಸಿಕೊಂಡು ಕಣಿವೆಯಿಂದ ಇಳಿಯುತ್ತದೆ. ಕಾಗದಕ್ಕೆ ಋತುಮಾನವಿಲ್ಲ. ರಾಜಧಾನಿ ಬಿಷ್ಕೆಕ್ಕಿನಲ್ಲಿ ಹುಟ್ಟಿ, ಪ್ರಾಂತ್ಯದಲ್ಲೊಂದು ಮೊಹರು, ಜಿಲ್ಲೆಯಲ್ಲೊಂದು ಮೊಹರು ಹೊಡೆಸಿಕೊಂಡು ಗ್ರಾಮಾಡಳಿತದ ಮುಖ್ಯಸ್ಥನ ಮೇಜಿಗೆ ಬರುತ್ತದೆ. ಅವನು ಮೂಲೆಯಲ್ಲಿ ‘ಎರ್ಗೆಶ್‌ಗೆ’ ಎಂದು ಗೀಚಿ ಕೈತೊಳೆದುಕೊಳ್ಳುತ್ತಾನೆ. ಎರ್ಗೆಶ್‌ನ ಕೆಳಗೆ ಯಾರೂ ಇಲ್ಲ. ಹೆಂಡತಿ ಶಾರಿಪಾ ಇದ್ದಾಳೆ ನಿಜ. ಆದರೆ ಅವಳು ತನ್ನ ಕೆಳಗಿದ್ದಾಳೆ ಎನ್ನುವ ಧೈರ್ಯ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನಿಗೆ ಬಂದಿಲ್ಲ.

ಎರ್ಗೆಶ್‌ಗೆ ಐವತ್ತೊಂದು ವಯಸ್ಸು, ಹೊಟ್ಟೆಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಮೊದಲು ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದ. ನಾಗರಿಕ ರಕ್ಷಣೆಗೆ ಬೆಟ್ಟ ಗೊತ್ತಿರುವವನೊಬ್ಬ ಬೇಕು ಅಂತ ಸಭೆಯಲ್ಲಿ ಮಾತು ಬಂದಾಗ ಎಲ್ಲರೂ ಅವನ ಕಡೆ ತಿರುಗಿದರು. ಅವನೂ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಗೋಡೆ ಇತ್ತು. ಅಂದಿನಿಂದ ಅವನು ತುರ್ತು ಪರಿಸ್ಥಿತಿಯ ತಜ್ಞ; ಜೊತೆಗೆ ಕ್ರೀಡೆ, ಯುವಜನ ಮತ್ತು ಬೀದಿನಾಯಿಗಳ ಜವಾಬ್ದಾರಿಯೂ ಅವನದೇ.

ಈ ವಸಂತದಲ್ಲಿ ಬಂದ ಕಾಗದ ಮಾತ್ರ ಅವನ ನಿದ್ದೆ ಕೆಡಿಸಿತು. ಕಣಿವೆಯ ಕಾವಲುಗಾರ ಕೆಸರು ಕಂಡು ಫೋನ್ ಮಾಡಿದ ಮೇಲೆ ಅದು ಊರಿನ ಮೇಲಿನ ಬೀದಿ ಮುಟ್ಟಲು ಹದಿನೆಂಟು ನಿಮಿಷ ಬೇಕು. ಅಷ್ಟರೊಳಗೆ ಅಲ್ಲಿನ ನಲವತ್ತೆರಡು ಮನೆಯವರೂ ಶಾಲೆ ಹಿಂದಿನ ದಿಬ್ಬ ಹತ್ತಿರಬೇಕು. ಜಿಲ್ಲೆಯವರ ಎದುರು ನಡೆಯುವ ಅಣಕು ತೆರವಿನಲ್ಲಿ ಇದು ಸಾಧ್ಯವಾಗದಿದ್ದರೆ ಬೀದಿ ಕೆಂಪು ಪಟ್ಟಿಗೆ. ಜನ ಹೆದ್ದಾರಿಯಾಚೆಯ ಕಲ್ಲುಬಯಲಿಗೆ. ಅಲ್ಲಿ ನೀರು ಟ್ಯಾಂಕರಿನಲ್ಲಿ ಬರಬೇಕು, ನೆರಳಿಗೆ ಒಂದು ಏಪ್ರಿಕಾಟ್ ಗಿಡವೂ ಇಲ್ಲ. ಆ ಬೀದಿಯ ಏಳನೇ ಮನೆ ಎರ್ಗೆಶ್‌ನದು.

ಜಿಲ್ಲೆಯವರು ಬರುವುದಕ್ಕೆ ವಾರ ಮೊದಲೇ ಒಂದು ಅಭ್ಯಾಸ ಮಾಡಿಸಿದ. ಸೈರನ್ ಕೂಗಿತು. ಕಿತ್ತಳೆ ಬಣ್ಣದ ಅಂಗಿ ತೊಟ್ಟ ಆರು ಸ್ವಯಂಸೇವಕರೂ ಅವನೂ ನಿಯಮದ ಪ್ರಕಾರ ಒಂದೊಂದೇ ಬಾಗಿಲು ತಟ್ಟಿದರು. ನಿಯಮ ಬರೆದವರು ಮರೆತದ್ದು ಒಂದೇ: ಬಾಗಿಲಿಗೆ ಬಂದವನು ಆ ಮನೆಯ ರೊಟ್ಟಿಯನ್ನು ಒಂದು ಚೂರಾದರೂ ಬಾಯಿಗಿಡದೆ ತಿರುಗಿ ಹೋಗುವಂತಿಲ್ಲ.

"ಕೆಸರು ಬರ್ತಿದೆ ಅಕ್ಕಾ, ಹೊರಡಿ" ಅಂತ ಎರ್ಗೆಶ್.

"ಬರಲಿ ಬಿಡು. ರೊಟ್ಟಿ ಮುಟ್ಟದೆ ಹೋಗ್ತೀಯಾ? ನಮ್ಮ ಮೇಲೆ ಏನಾದ್ರೂ ಕೋಪಾನಾ?"

ಕೋಪವಿಲ್ಲ ಅಂತ ತೋರಿಸಲು ಒಂದು ಚೂರು. ಚೂರು ಒಣಗಿತ್ತೆಂದು ಬೆಣ್ಣೆ. ಬೆಣ್ಣೆ ಇಳಿಯಲಿ ಅಂತ ಚಹಾ. ಬೀದಿ ಖಾಲಿಯಾಗಲು ಒಂದು ಗಂಟೆ ಐವತ್ತು ನಿಮಿಷ ಹಿಡಿಯಿತು. ಕೊನೆಯಲ್ಲಿ ದಿಬ್ಬ ಹತ್ತಲಾಗದೆ ಕುಳಿತವನು ತಜ್ಞನೊಬ್ಬನೇ.

"ಕೆಸರಲ್ಲಿ ಸಾಯೋ ಯೋಗ ನಿಮಗಿಲ್ಲ ಬಿಡಿ" ಅಂದಳು ಶಾರಿಪಾ. "ಬೆಣ್ಣೇಲೇ ಹೋಗ್ತೀರಿ."

"ಬೇಡ ಅಂದ್ರೆ ಅವಮಾನ ಅಂತಾರೆ ಕಣೇ. ನಾನೇನು ಮಾಡ್ಲಿ?"

"ಅವರ ಬಾಗಿಲಿಗೆ ಯಾಕೆ ಹೋಗ್ತೀರಿ? ದಿಬ್ಬದ ಮೇಲೆ ಊಟದ ಬಟ್ಟೆ, ದಸ್ತರ್‌ಖಾನ್ ಹಾಸ್ತೀವಿ, ಅವತ್ತು ಊಟ ಅಲ್ಲೇ, ಎಲ್ಲರೂ ಅವರವರ ರೊಟ್ಟಿ ತನ್ನಿ ಅನ್ನಿ. ಯಾರ ರೊಟ್ಟಿ ಕೊನೆಗೆ ಬರುತ್ತೋ ಆ ಮನೆ ಸೊಸೇನ ವರ್ಷಪೂರ್ತಿ ಆಡ್ಕೊಳ್ಳೋದು ಹೆಂಗಸರ ಕೆಲಸ. ಅದನ್ನ ನನಗೆ ಬಿಡಿ."

ಎರ್ಗೆಶ್ ಇದನ್ನು ‘ಸಮುದಾಯ ಸಹಭಾಗಿತ್ವದ ತೆರವು’ ಎಂದು ಬರೆದು ಜಿಲ್ಲೆಗೆ ಕಳಿಸಿದ. ಅಲ್ಲಿಂದ ಮೆಚ್ಚುಗೆಯ ಕಾಗದ ಬಂತು. ತಾನು ಕಳಿಸಿದ್ದರಲ್ಲಿ ಶಾರಿಪಾಳ ಹೆಸರು ಬರೆಯುವುದು ಅವನಿಗೆ ಮರೆತಿತ್ತು. ಆ ಮರೆವಿಗೆ ಎರಡು ದಿನ ತಣ್ಣನೆಯ ಸಾರು ಕುಡಿದ.

ಪರೀಕ್ಷೆಯ ದಿನ ಜಿಲ್ಲೆಯಿಂದ ಮೇಜರ್ ಕುತ್‌ಮಾನ್ ಬಂದ. ಎಳೆಯ ವಯಸ್ಸು, ಇಸ್ತ್ರಿ ಹಾಕಿದ ಮುಖ, ಕೈಯಲ್ಲಿ ಸ್ಟಾಪ್‌ವಾಚ್ ಗಡಿಯಾರ. ಸೈರನ್ ಕೂಗಿತು. ಮೇಲಿನ ಬೀದಿಯ ಬಾಗಿಲುಗಳು ಒಂದೇ ಏಟಿಗೆ ತೆರೆದವು. ಬಟ್ಟೆಯಲ್ಲಿ ಬಿಸಿ ರೊಟ್ಟಿ ಸುತ್ತಿಕೊಂಡ ಸೊಸೆಯರು ಮುಂದೆ, ಮಕ್ಕಳನ್ನು ಹೊತ್ತ ಗಂಡಸರು ಹಿಂದೆ, ಕುರಿಗಳು ಯಾರನ್ನೂ ಕೇಳದೆ ಎಲ್ಲರ ನಡುವೆ. ಕಿತ್ತಳೆ ಅಂಗಿಯವರು ದಿಬ್ಬದ ಬುಡದಲ್ಲಿ ನಿಂತು ಮನೆಮನೆ ಎಣಿಸಿದರು. ಹನ್ನೊಂದನೇ ನಿಮಿಷಕ್ಕೆ ನಲವತ್ತೊಂದು ಮನೆ ಬಂದಿತ್ತು.

ಬಾರದ ಮನೆ ಅನಾರ್ಕಾನ್ ಅಪಾಳದು. ಎಂಬತ್ತಮೂರು ವರ್ಷದ ಒಂಟಿ ಮುದುಕಿ, ಇಡೀ ಬೀದಿಗೆ ಹಿರಿಯಳು, ಅದಕ್ಕೇ ಎಲ್ಲರ ಬಾಯಲ್ಲೂ ಅಪಾ, ಅಂದರೆ ಅಮ್ಮ. ಎಲ್ಲರಿಗೂ ಹೇಳಿಕಳಿಸಿದ್ದ ಎರ್ಗೆಶ್ ಹಿರಿಯಳನ್ನು ಖುದ್ದಾಗಿ ಹೋಗಿ ಕರೆಯುವುದು ಮರೆತಿದ್ದ. ಕರೆಯದ ಊಟಕ್ಕೆ ಅಪಾ ಬರುವವಳಲ್ಲ.

ಅವನು ಇಳಿಜಾರಿನಲ್ಲಿ ಓಡಿದ. ಓಡಿದ ಎನ್ನುವುದು ಅವನ ಮಾತು. ಮೇಲಿನಿಂದ ನೋಡಿದವರು ಉರುಳಿದ ಅನ್ನುತ್ತಾರೆ. ಅಪಾ ಬಾಗಿಲಲ್ಲೇ ರೊಟ್ಟಿ ಹಿಡಿದು ಕೂತಿದ್ದಳು.

"ಈಗ ನೆನಪಾದೆನಾ?"

"ತಪ್ಪಾಯ್ತು ಅಪಾ. ಬನ್ನಿ, ಬೆನ್ನೇರಿ."

"ಮೊದಲು ರೊಟ್ಟಿ. ಕಾಗೆ ಕುಕ್ಕಿದ ಹಾಗಲ್ಲ, ಸರಿಯಾಗಿ."

ವಾದಕ್ಕೆ ಸಮಯವಿರಲಿಲ್ಲ. ಎರ್ಗೆಶ್ ಅರ್ಧ ರೊಟ್ಟಿ ಮುರಿದು ಅಷ್ಟನ್ನೂ ಬಾಯಿಗೆ ತುರುಕಿದ, ಅಪಾಳನ್ನು ಬೆನ್ನಿಗೇರಿಸಿದ, ಹೊರಟ. ಮುದುಕಿ ಹಗುರ, ಆದರೆ ಅವಳ ಸಲಹೆಗಳು ಭಾರ. "ಎಡಕ್ಕೆ ಕಣೋ, ಬಲಕ್ಕೆ ಜಾರುತ್ತೆ. ನಿಮ್ಮಪ್ಪ ಹೀಗೆ ಏದುಸಿರು ಬಿಡ್ತಿರಲಿಲ್ಲ."

ದಿಬ್ಬದ ತುದಿ ಮುಟ್ಟಿದಾಗ ಹದಿನೇಳು ನಿಮಿಷ ನಲವತ್ತು ಸೆಕೆಂಡು.

"ವರದಿ ಒಪ್ಪಿಸಿ" ಅಂದ ಮೇಜರ್. "ಹೊಣೆಗಾರರು ಬಾಯಿಬಿಟ್ಟು ಹೇಳಿದ ಮೇಲೇ ಗಡಿಯಾರ ನಿಲ್ಲೋದು."

ಎರ್ಗೆಶ್‌ನ ಬಾಯಲ್ಲಿ ಅರ್ಧ ರೊಟ್ಟಿ. ನುಂಗಲು ಉಸಿರಿಲ್ಲ; ಉಗುಳೋಣವೆಂದರೆ ರೊಟ್ಟಿಯನ್ನು ನೆಲಕ್ಕೆ ಉಗುಳಿದವನಿಗೆ ಈ ಊರಲ್ಲಿ ಯಾರೂ ಹೆಣ್ಣನ್ನೂ ಕೊಡರು, ಹೆಗಲನ್ನೂ ಕೊಡರು. ಅವನು ಕೆಂಪಾದ, ನೇರಳೆಯಾದ. ಬೀದಿಯ ಹಣೆಬರಹ ಅವನ ಎರಡು ದವಡೆಗಳ ನಡುವೆ ಅಗಿಯಲ್ಪಡುತ್ತಿತ್ತು. ಮೇಜರ್ ಪಕ್ಕದಲ್ಲಿದ್ದ ಗ್ರಾಮಾಡಳಿತದ ಮುಖ್ಯಸ್ಥ ಎಂದಿನಂತೆ ಆಕಾಶ ನೋಡಿದ.

ಬೆನ್ನ ಮೇಲಿಂದ ಅಪಾಳ ದನಿ ಬಂತು. "ನಲವತ್ತೆರಡು ಮನೆ ಬಂದಾಯ್ತು. ಬೀದೀಲಿ ಯಾರೂ ಇಲ್ಲ. ನಿಲ್ಲಿಸಪ್ಪಾ ಅದನ್ನ."

ಮೇಜರ್ ಗಡಿಯಾರ ಒತ್ತಿದ. ಹದಿನೇಳು, ಐವತ್ತೈದು. ಒತ್ತಿದ ಮೇಲೆ ಅವನಿಗೆ ಅನುಮಾನ ಹತ್ತಿತು. "ಹೊಣೆಗಾರರೇ ಹೇಳ್ಬೇಕು ಅಪಾ, ಹಾಗಂತ ನಿಯಮ."

"ಇಲ್ಲಿ ನನಗಿಂತ ಹಿರಿಯರು ಯಾರಾದ್ರೂ ಇದ್ದಾರಾ ನೋಡು."

ಮೇಜರ್ ನೋಡಿದ. ಬಿಳಿಗಡ್ಡದ ಮುದುಕರೆಲ್ಲ ಟೋಪಿ ಸರಿಮಾಡಿಕೊಂಡರು, ಮುಂದೆ ಯಾರೂ ಬರಲಿಲ್ಲ.

"ಮತ್ತೆ ಹೊಣೆ ಇನ್ಯಾರದ್ದು? ಈ ಅಗೀತಿರೋನದ್ದಾ?"

ಬಿಷ್ಕೆಕ್ಕಿನಲ್ಲಿ ಬರೆದ ಯಾವ ಕಾಗದದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಮೇಜರ್ ನಮೂನೆ ಬಿಡಿಸಿದ. ಹೊಣೆಗಾರರ ಹೆಸರಿನ ಜಾಗದಲ್ಲಿ ಅನಾರ್ಕಾನ್ ಎಂದೂ, ಹುದ್ದೆಯ ಜಾಗದಲ್ಲಿ ಕೊಂಚ ಯೋಚಿಸಿ ‘ಹಿರಿಯರು’ ಎಂದೂ ಬರೆದ. ಕೆಳಗೆ: ಮೇಲಿನ ಬೀದಿ, ಸ್ಥಳಾಂತರ ಅಗತ್ಯವಿಲ್ಲ. ಶಾರಿಪಾ ಅದನ್ನು ಅವನ ಭುಜದ ಮೇಲಿಂದ ಓದಿ, ಉಳಿದವರಿಗೆ ಕೇಳುವಷ್ಟು ಗಟ್ಟಿಯಾಗಿ ಇನ್ನೊಮ್ಮೆ ಓದಿದಳು.

ಆಗ ಎರ್ಗೆಶ್‌ನ ತುತ್ತು ಇಳಿಯಿತು. "ಮೇಜರ್, ತೆರವು ಪೂರ್ಣಗೊಂಡಿದೆ" ಅಂದ.

"ಗೊತ್ತು. ಆಗ್ಲೇ ನಾಲ್ಕು ನಿಮಿಷ ಆಯ್ತು" ಅಂದ ಮೇಜರ್, ಎದುರಿಗೆ ಹಾಸಿದ್ದ ದಸ್ತರ್‌ಖಾನಿನ ಉದ್ದ ನೋಡುತ್ತ. ನಲವತ್ತೊಂದು ಮನೆಯ ರೊಟ್ಟಿ ಅಲ್ಲಿತ್ತು. ಪ್ರತಿಯೊಂದರ ಹಿಂದೆ ಒಬ್ಬ ಹೆಂಗಸು ಅವನನ್ನೇ ನೋಡುತ್ತಿದ್ದಳು. ಮೇಜರ್ ಗಡಿಯಾರವನ್ನು ಜೇಬಿಗೆ ಹಾಕಿ ಸೊಂಟದ ಬೆಲ್ಟು ಎರಡು ತೂತು ಸಡಿಲಿಸಿದ.